ನಾರ್ವೆಯಲ್ಲಿ ಒಂದು ಕಡೆ ದಾರಿ ಸವೀತಿದೆ, ಇನ್ನೊಂದು ಕಡೆ ಮುಚ್ಚಿಹೋಗ್ತಿದೆ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುರವಣಿಯಲ್ಲಿ ಬಂದ ನಾರ್ವೆ ಲೇಖನ ಓದ್ದೆ. ಫೋಟೋಗಳು ಚೆನ್ನಾಗಿದ್ವು, ಆದ್ರೆ ಮತ್ತೆ ಅದೇ ಟ್ರೊಲ್‌ಟುಂಗಾ, ಅದೇ ಪ್ರೈಕೆಸ್ಟೂಲನ್ ಅನ್ನೋ ಹೆಸರುವಾಸಿ ಬಂಡೆಗಳು, ಬಂಡೆ ತುದೀಲಿ ಕೈ ಅಗಲಿಸ್ಕೊಂಡು ನಿಂತಿರೋ ಅದೇ ಫೋಟೋ. ನಾನು ಬರ್ಗೆನ್‌ನಲ್ಲಿ ಕೆಲಸ ಮಾಡ್ಕೊಂಡಿರೋಳು, ರಜಾ ಸಿಕ್ಕಾಗೆಲ್ಲ ಬೆಟ್ಟ ಹತ್ತೋಳು, ಅದಕ್ಕೇ ಈ ಪತ್ರ ಬರೀಲೇಬೇಕು ಅನ್ನಿಸ್ತು.

ಟ್ರೊಲ್‌ಟುಂಗಾಕ್ಕೆ 2010ರ ಹೊತ್ತಿಗೆ ವರ್ಷಕ್ಕೆ ಸಾವಿರ ಜನಾನೂ ಹೋಗ್ತಿರ್ಲಿಲ್ಲ, 2016ಕ್ಕೆ ಅದು ಎಂಬತ್ತು ಸಾವಿರದ ಹತ್ರ ಮುಟ್ತು. ಫೋಟೋ ತೆಗೆಸ್ಕೊಳೋಕೆ ಕ್ಯೂ ನಿಲ್ಬೇಕು. ಲೋಫೊಟೆನ್ ದ್ವೀಪಗಳಲ್ಲಿ ರೈನೆಬ್ರಿಂಗೆನ್ ಅಂತ ಒಂದು ಬೆಟ್ಟ ಇದೆ, ಬರೀ 448 ಮೀಟರ್ ಎತ್ತರ, ಜನ ಹತ್ತಿ ಹತ್ತಿ ಮಣ್ಣೆಲ್ಲ ಕಿತ್ತು ಕಲ್ಲು ಉರುಳೋಕೆ ಶುರುವಾಗಿ ಕೊನೆಗೆ ನೇಪಾಳದಿಂದ ಶೆರ್ಪಾಗಳನ್ನ ಕರೆಸಿ ಕಲ್ಲಿನ ಮೆಟ್ಟಿಲು ಹಾಕಿಸ್ಬೇಕಾಯ್ತು. ಅವ್ರ ಕೆಲಸ ನೋಡಿದ್ರೆ ಕೈ ಮುಗೀಬೇಕು ಅನ್ಸತ್ತೆ, ಅದು ಬೇರೆ ಮಾತು. ಆದ್ರೆ ಇದೇ ದೇಶದಲ್ಲಿ ನೂರಾರು ಹಳೇ ಬೆಟ್ಟದ ದಾರಿಗಳು ಯಾರೂ ನಡೀದೆ ಗಿಡ ಬೆಳ್ಕೊಂಡು ಮುಚ್ಚಿಹೋಗ್ತಿವೆ, ಅದರ ಬಗ್ಗೆ ಒಂದು ಸಾಲೂ ಎಲ್ಲೂ ಬರಲ್ಲ.

ಈ ಜೂನ್‌ನಲ್ಲಿ ಅಂಥದ್ದೇ ಒಂದು ಗುಡ್ಡಕ್ಕೆ ಒಬ್ಳೇ ಹೋಗಿದ್ದೆ, ಸೋಗ್ನೆಫ್ಯೋರ್ಡ್‌ನ ಒಂದು ಕವಲಿನ ಪಕ್ಕ (ಬೆಟ್ಟಗಳ ಮಧ್ಯೆ ಒಳನಾಡಿಗೆ ಚಾಚಿರೋ ಕಿರಿದಾದ ಸಮುದ್ರಕ್ಕೆ ಫ್ಯೋರ್ಡ್ ಅಂತಾರೆ). ಹೆಸರು ಬರೀತಿಲ್ಲ, ಯಾಕಂದ್ರೆ ಕೆಳಗೆ ಎರಡು ಕಾರು ನಿಲ್ಲೋವಷ್ಟೇ ಜಾಗ, ಅದೂ ರೈತರ ಟ್ರ್ಯಾಕ್ಟರ್ ತಿರುಗಿಸ್ಕೊಳೋ ಜಾಗ. ಎತ್ತರ ಎಂಟ್ನೂರು ಮೀಟರ್ ಚಿಲ್ಲರೆ, ಕೇಳಿದ್ರೆ ಏನೂ ಅಲ್ಲ ಅನ್ಸತ್ತೆ, ಆದ್ರೆ ಶುರುವಾಗೋದು ಸಮುದ್ರದ ಮಟ್ಟದಿಂದ, ಆ ಎಂಟ್ನೂರನ್ನೂ ನಿಮ್ಮ ಕಾಲೇ ಹತ್ಬೇಕು, ಕಡಿದು ಅಂದ್ರೆ ಎಷ್ಟು ಕಡಿದು ಅಂದ್ರೆ ಕೆಲವು ಕಡೆ ಮುಂದಿನ ಹೆಜ್ಜೆ ಇಡೋ ಜಾಗ ಎದೆ ಮಟ್ಟಕ್ಕೆ ಕಾಣ್ತಿತ್ತು. ನಾರ್ವೇಜಿಯನ್ ಟ್ರೆಕ್ಕಿಂಗ್ ಸಂಘದವ್ರು, 1868ರಿಂದ ಇರೋ ಸಂಘ ಅದು, ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆಯೋ ಟಿ ಗುರುತು ಇಲ್ಲಿ ಒಂದೂ ಇಲ್ಲ. ಮೊದಲು ಬರ್ಚ್ ಮರಗಳ ಕಾಡು, ಸೊಂಟದವರೆಗೆ ಜರೀಗಿಡ, ಒಳಗೆ ಪಾಚಿ ಕಟ್ಟಿದ ಒದ್ದೆ ಕಲ್ಲು. ದಾರಿ ಅಂತ ಕಾಣೋದ್ರಲ್ಲಿ ಅರ್ಧ ಕುರಿಗಳದ್ದು, ಬೇಸಿಗೇಲಿ ಕುರಿಗಳನ್ನ ಬೆಟ್ಟಕ್ಕೆ ಬಿಟ್ಟಿರ್ತಾರೆ, ಅವಕ್ಕೆ ತುದಿಗೆ ಹೋಗೋ ಅವಸರ ಇಲ್ವಲ್ಲ, ಅಡ್ಡಡ್ಡ ಹೋಗಿ ಯಾವ್ದೋ ಬಂಡೆ ಅಂಚಲ್ಲಿ ನಿಂತ್ಬಿಡತ್ತೆ ಆ ದಾರಿ. ಇನ್ನೊಂದು ವಿಷಯ, 1:50,000 ಮ್ಯಾಪ್‌ನಲ್ಲಿ ಎತ್ತರದ ಗೆರೆಗಳು 20 ಮೀಟರಿಗೊಂದು ಇರ್ತವೆ, ಅಂದ್ರೆ ಹದಿನೈದು ಮೀಟರ್ ಬಂಡೆ ಎರಡು ಗೆರೆಗಳ ಮಧ್ಯೆ ಕಾಣದೇ ಹೋಗ್ಬಹುದು. ಹಾಗಾಗಿ ಮ್ಯಾಪ್ ಇದ್ರೂ ಕಣ್ಣಲ್ಲಿ ನೋಡ್ಕೊಂಡೇ ನಡೀಬೇಕು. ಬಿಳೀ ಹತ್ತಿ ಥರ ಹೂ ಬಿಟ್ಟಿರೋ ಹುಲ್ಲು ಕಂಡ್ರೆ ಕೆಳಗೆ ಜೌಗು ಅಂತ ತಿಳ್ಕೊಂಡು ಸುತ್ತು ಹಾಕ್ಬೇಕು.

ಅರ್ಧ ಹತ್ತಿದ ಮೇಲೆ ಒಂದು ಸಣ್ಣ ಬಯಲು, ಅಲ್ಲಿ ಹಳೇ ಮನೆಗಳ ಕಲ್ಲಿನ ತಳಪಾಯ. ಸ್ಟ್ಯೋಲ್ ಅಂತಾರೆ. ಬೇಸಿಗೇಲಿ ಹಸು, ಆಡುಗಳನ್ನ ಮೇಲಕ್ಕೆ ಹೊಡ್ಕೊಂಡ್ಬಂದು ತಿಂಗಳುಗಟ್ಲೆ ಅಲ್ಲೇ ಇದ್ದು ಹಾಲು ಕರೆದು ಬೆಣ್ಣೆ, ಚೀಸ್ ಮಾಡ್ತಿದ್ದ ಜಾಗ. ಆ ಕೆಲಸ ಮಾಡ್ತಿದ್ದೋರು ಹೆಚ್ಚಾಗಿ ಹೆಂಗಸ್ರು, ಎಷ್ಟೋ ಸಲ ಇನ್ನೂ ಹದಿಹರೆಯದ ಹುಡ್ಗೀರು. ಈ ಗೋಡೆ ಥರ ಇರೋ ಇಳಿಜಾರಲ್ಲಿ ಬೆಣ್ಣೆ, ಚೀಸ್ ಎಲ್ಲ ಕೆಳಗೆ ಸಾಗಿಸ್ತಿದ್ರಲ್ಲ ಅಂತ ನೆನೆಸ್ಕೊಂಡು ನಾನು ಅಲ್ಲಿ ತುಂಬಾ ಹೊತ್ತು ಕೂತಿದ್ದೆ. ನಾನು ಹತ್ತಿ ಬಂದ ದಾರಿ ಮಾಡಿದ್ದು ಅವ್ರ ಕಾಲುಗಳು. ಸ್ಟ್ಯೋಲ್‌ಗಳು ಒಂದೊಂದಾಗಿ ನಿಂತ್ಹೋದ್ವು, ಮೇಯೋ ದನ ಇಲ್ಲ ಅಂದ್ಮೇಲೆ ಬರ್ಚ್ ಮೇಲೆ ಮೇಲೆ ಬೆಳ್ಕೊಂಡು ಬರ್ತಿದೆ, ದಾರಿ ಅಳಿಸ್ತಿದೆ. ಇದನ್ನ ಉಳಿಸೋಕೆ ದೊಡ್ಡ ಯೋಜನೆ ಏನೂ ಬೇಡ ಸರ್, ಆಗಾಗ ಒಬ್ಬಿಬ್ರು ನಡೆದ್ರೂ ನೆಲ ಕಾಣ್ತಿರತ್ತೆ.

ತುದೀಲಿ ಕಲ್ಲಿನ ಗುಪ್ಪೆ, ಅದರ ಸಂದಿಯಲ್ಲಿ ಡಬ್ಬಿ, ಡಬ್ಬಿಯೊಳಗೆ ಹೆಸರು ಬರೆಯೋ ಪುಸ್ತಕ. ನನಗಿಂತ ಮುಂಚೆ ಬರೆದೋರು ಹಿಂದಿನ ತಿಂಗಳು ಬಂದಿದ್ರು. ಫ್ಯೋರ್ಡ್ ಪೂರ್ತಿ ಕೆಳಗೆ, ಆ ಕಡೆ ದಡದ ಬೆಟ್ಟಗಳ ಮೇಲೆ ಇನ್ನೂ ಹಿಮ. ಇಳಿಯೋವಾಗ ಬಂದ ದಾರೀಲೇ ಇಳಿದೆ, ಬೇರೆ ಕಡೆಯಿಂದ ಇಳಿಯೋ ಪ್ರಯೋಗ ಒಬ್ರೇ ಇದ್ದಾಗ ಬೇಡ. ಒದ್ದೆ ಹುಲ್ಲಿನ ಇಳಿಜಾರು ಹತ್ತೋಕಿಂತ ಇಳಿಯೋಕೆ ಕಷ್ಟ.

ಒಬ್ಳೇ ಹೋಗ್ಬಾರ್ದಿತ್ತು ಅಂತ ಮನೆಯವ್ರೂ ಅಂದ್ರು, ಓದುಗರೂ ಅನ್ಬಹುದು. ಇಲ್ಲಿ ಬೆಟ್ಟಕ್ಕೆ ಹೋಗೋರಿಗೆ ಒಂಬತ್ತು ನಿಯಮ ಇವೆ, 1967ರ ಈಸ್ಟರ್ ರಜೆಯಲ್ಲಿ ಬೆಟ್ಟಗಳಲ್ಲಿ 18 ಜನ ಸತ್ತ ಮೇಲೆ ಮನೆಮನೆಗೂ ಮುಟ್ಟಿದ ನಿಯಮಗಳು. ಅದ್ರಲ್ಲಿ ಒಬ್ರೇ ಹೋಗ್ಬೇಡಿ ಅಂತಾನೂ ಒಂದಿತ್ತು, 2016ರಲ್ಲಿ ಪರಿಷ್ಕರಿಸ್ದಾಗ ಅದನ್ನ ತೆಗೆದ್ರು. ನನ್ ಪ್ರಕಾರ ಸರಿಯಾಗೇ ಮಾಡಿದ್ರು, ಯಾಕಂದ್ರೆ ಉಳಿದ ನಿಯಮಗಳನ್ನ ಪಾಲಿಸಿದ್ರೆ ಒಬ್ರು ಹೋಗೋದು ಹುಚ್ಚಾಟ ಅಲ್ಲ: ಎಲ್ಲಿಗೆ ಹೋಗ್ತಿದೀನಿ ಅಂತ ಯಾರಿಗಾದ್ರೂ ಹೇಳಿರ್ಬೇಕು, ಹವಾಮಾನ ನೋಡ್ಕೊಂಡಿರ್ಬೇಕು, ಮ್ಯಾಪು ದಿಕ್ಸೂಚಿ ಬಳಸೋಕೆ ಬರ್ಬೇಕು, ಟೈಮಿಗೆ ಸರಿಯಾಗಿ ವಾಪಸ್ ತಿರುಗ್ಬೇಕು, ತಿರುಗೋದ್ರಲ್ಲಿ ನಾಚಿಕೆ ಇಲ್ಲ ಅಂತ ನಿಯಮದಲ್ಲೇ ಬರೆದಿದೆ. ನಾನು ಗೆಳತಿಗೆ ದಾರಿ ಗುರುತು ಮಾಡಿದ ಮ್ಯಾಪ್ ಕಳ್ಸಿ, ಇಷ್ಟೊತ್ತಿಗೆ ಫೋನ್ ಬರ್ಲಿಲ್ಲ ಅಂದ್ರೆ 112ಕ್ಕೆ ಕಾಲ್ ಮಾಡು ಅಂತ ಹೇಳೇ ಹೊರಟಿದ್ದು. ಹುಡುಕೋಕೆ ಬರೋರಲ್ಲಿ ರೆಡ್‌ಕ್ರಾಸ್ ಸ್ವಯಂಸೇವಕರೂ ಇರ್ತಾರೆ, ಊಟ ನಿದ್ದೆ ಬಿಟ್ಟು ಬರ್ತಾರೆ, ದುಡ್ಡು ತಗೊಳಲ್ಲ. ಅವ್ರನ್ನ ಸುಮ್ಸುಮ್ನೆ ಬೆಟ್ಟಕ್ಕೆ ಎಳೀಬಾರ್ದು ಅನ್ನೋ ಯೋಚ್ನೆ ನನಗೆ ಯಾವಾಗ್ಲೂ ಇರತ್ತೆ.

ಮತ್ತೆ ಈ ಗುಡ್ಡಕ್ಕೆ ಟಿಕೆಟ್ ಇಲ್ಲ, ಪರ್ಮಿಶನ್ ಇಲ್ಲ. 1957ರ ಕಾನೂನು ಪ್ರಕಾರ ಸಾಗುವಳಿ ಇಲ್ಲದ ಬೆಟ್ಟ ಕಾಡಲ್ಲಿ, ಜಮೀನು ಯಾರದ್ದೇ ಆಗಿರ್ಲಿ, ಯಾರು ಬೇಕಾದ್ರೂ ನಡೀಬಹುದು, ಪ್ರವಾಸಿಗಳೂ ಸೇರಿ. ಬದ್ಲಿಗೆ ಬೆಳೆ ಇರೋ ಹೊಲ ತುಳೀಬಾರ್ದು, ಟೆಂಟ್ ಹಾಕಿದ್ರೆ ಮನೆಗಳಿಂದ 150 ಮೀಟರ್ ದೂರ ಇರ್ಬೇಕು, ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಲ್ಲಿ, ಕಾಡಿನ ಹತ್ರ ಬೆಂಕಿ ಹಾಕೋ ಹಾಗಿಲ್ಲ, ಕುರಿ ಬೇಲಿಯ ಗೇಟ್ ದಾಟಿದ್ಮೇಲೆ ಮುಚ್ಚಬೇಕು.

ದಯವಿಟ್ಟು ಮುಂದಿನ ಸಲ ನಾರ್ವೆ ಬಗ್ಗೆ ಬರೆಸೋವಾಗ ಬಂಡೆ ತುದಿಯ ಫೋಟೋ ಸ್ವಲ್ಪ ಚಿಕ್ಕದು ಮಾಡಿ, ಆ ಒಂಬತ್ತು ನಿಯಮಗಳನ್ನ ಕನ್ನಡದಲ್ಲಿ ಒಂದು ಬಾಕ್ಸ್‌ನಲ್ಲಿ ಹಾಕಿ, ಪೊಲೀಸ್ 112, ಆಂಬುಲೆನ್ಸ್ 113 ಅನ್ನೋದನ್ನೂ ಸೇರಿಸಿ. ಒಂದು ಸ್ಟ್ಯೋಲ್ ದಾರಿ ಬಗ್ಗೆನೂ ಬರೆಸಿ. ಅನುವಾದಕ್ಕೆ ಬೇಕಾದ್ರೆ ನಾನೇ ಕೂತು ಸಹಾಯ ಮಾಡ್ತೀನಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಬರ್ಗೆನ್