ಶೀತ ಪ್ಲಾಸ್ಮಾ ಎಂದರೆ ರಕ್ತದ ಪ್ಲಾಸ್ಮಾ ಅಲ್ಲ

ಮಾನ್ಯರೇ,

ಬಾಯಿಯ ಕ್ಯಾನ್ಸರ್ ಆಗಿದ್ದ ದೊಡ್ಡಮ್ಮನನ್ನು ಬದಿಯಡ್ಕದಿಂದ ಮಂಗಳೂರಿಗೆ ಕರೆದೊಯ್ಯುತ್ತಿದ್ದಾಗ ನೆಂಟರೊಬ್ಬರು, ‘ಪ್ಲಾಸ್ಮಾ ಚಿಕಿತ್ಸೆ ಬಂದಿದೆಯಂತೆ, ರಕ್ತ ಯಾರು ಕೊಡುವುದು?’ ಎಂದು ಕೇಳಿದ್ದರು. ಸಂಶೋಧನೆಯಲ್ಲಿರುವ ಶೀತ ಪ್ಲಾಸ್ಮಾಕ್ಕೂ ರಕ್ತಕ್ಕೂ ಸಂಬಂಧವೇ ಇಲ್ಲ. ಆರ್ಗಾನ್‌ನಂಥ ಅನಿಲಕ್ಕೆ ವಿದ್ಯುತ್ ಹಾಯಿಸಿದಾಗ ಹೊಮ್ಮುವ, ಮೈ ಸುಡದಷ್ಟು ತಣ್ಣಗಿನ ಬೆಳಕಿನ ಎಳೆ ಅದು. ಅದರಿಂದ ಹುಟ್ಟುವ ಆಮ್ಲಜನಕ, ಸಾರಜನಕದ ಚುರುಕು ಕಣಗಳು ಗಡ್ಡೆಯ ಜೀವಕೋಶಗಳನ್ನು ಕೊಲ್ಲುತ್ತವೆ.

ನನಗೆ ಆಸೆ ಹುಟ್ಟಿಸಿದ್ದು ಅದರ ಮುಂದಿನ ಸಂಗತಿ. ಹಾಗೆ ಸಾಯುವ ಕೋಶ ತನ್ನ ಹೊರಮೈಯಲ್ಲಿ ಕ್ಯಾಲ್‌ರೆಟಿಕ್ಯುಲಿನ್ ಎಂಬ ಪ್ರೋಟೀನನ್ನು ತೋರಿಸುತ್ತದೆ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ಹೊರಚೆಲ್ಲುತ್ತದೆ. ಈ ಸುಳಿವು ಹಿಡಿದು ಬರುವ, ದೇಹದ ರೋಗನಿರೋಧಕ ಪಡೆಯ ಕಾವಲುಗಾರರಾದ ಡೆಂಡ್ರಿಟಿಕ್ ಕೋಶಗಳು ಗಡ್ಡೆಯ ಗುರುತನ್ನು ಅದೇ ಪಡೆಯ ದಾಳಿಕೋರರಾದ ಟಿ ಕೋಶಗಳಿಗೆ ಕಲಿಸುತ್ತವೆ. ಅದುವರೆಗೆ ಕಣ್ತಪ್ಪಿಸಿಕೊಂಡಿದ್ದ ಗಡ್ಡೆಯನ್ನು ದೇಹವೇ ಬೆನ್ನಟ್ಟಬಲ್ಲದು. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಚರ್ಮಕ್ಕೆ ಅಂಟಿಸುವ ಟೊಳ್ಳು ಸೂಕ್ಷ್ಮಸೂಜಿಗಳ ಪಟ್ಟಿಯ ಮೂಲಕ ಪ್ಲಾಸ್ಮಾವನ್ನೂ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುವ ಇಮ್ಯುನೊಥೆರಪಿ ಔಷಧವನ್ನೂ ಕೊಟ್ಟಾಗ ಇಲಿಗಳ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಗಡ್ಡೆಯ ಬೆಳವಣಿಗೆ ಕುಗ್ಗಿತು. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ತಲೆ-ಕತ್ತಿನ ಕ್ಯಾನ್ಸರ್ ಉಲ್ಬಣಿಸಿದ್ದ ಕೆಲವು ರೋಗಿಗಳ ಹುಣ್ಣಿಗೆ ಪ್ಲಾಸ್ಮಾ ಹಾಯಿಸಿದಾಗ ದುರ್ವಾಸನೆ ತಗ್ಗಿತು. ಆ ವಾಸನೆಗೆ ಅಂಜಿ ನಮ್ಮ ದೊಡ್ಡಮ್ಮ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು.

ಇದಿನ್ನೂ ಪ್ರಯೋಗದ ಹಂತ. ಇದಕ್ಕಾಗಿ ಕಾಯುತ್ತ ಶಸ್ತ್ರಚಿಕಿತ್ಸೆ, ವಿಕಿರಣವನ್ನು ಮುಂದೂಡಬಾರದು. ಅಡಿಕೆ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆದೇ ಬದುಕುವ ನಮ್ಮೂರಿನಲ್ಲಿ ಈ ವಿಷಯಗಳನ್ನು ತಿಳಿಸುವ ಕನ್ನಡ ಕರಪತ್ರ ನನ್ನ ಕೈಗೆ ಸಿಕ್ಕಿಲ್ಲ. ತಮ್ಮ ಆರೋಗ್ಯ ಪುಟದಲ್ಲಿ ತಜ್ಞ ವೈದ್ಯರಿಂದ ಬರೆಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಬದಿಯಡ್ಕ, ಕಾಸರಗೋಡು