ಕೊನೆ ಕಂತು ನೋಡದವರು ಇಲ್ಲೇ ನಿಲ್ಲಿ!

‘ಸ್ಟಾರ್ ವಾರ್ಸ್: ದ ಕ್ಲೋನ್ ವಾರ್ಸ್’ ಅನಿಮೇಷನ್ ಸರಣಿಯ ಏಳನೇ ಸೀಸನ್ ಕೊನೆ ಕಂತಿನ ಮಾತು ಇಂದು ರಾತ್ರಿಯಿಂದ ಗುಂಪಿನಲ್ಲಿ ಶುರು. ನೋಡದವರು ದಯವಿಟ್ಟು ಗುಂಪನ್ನು ಮ್ಯೂಟ್ ಮಾಡಿಕೊಳ್ಳಿ, ಆಮೇಲೆ ನನ್ನನ್ನು ಬೈಯಬೇಡಿ.

ಕೊನೆಯ ನಾಲ್ಕು ಕಂತು ಸೇರಿ ಒಂದೇ ಕಥೆ. ಸುಮ್ನೆ ಕೊನೇದು ಮಾತ್ರ ನೋಡಿದರೆ ಏನೂ ಹತ್ತುವುದಿಲ್ಲ.

2008ರಲ್ಲಿ ಶುರುವಾದ ಸರಣಿ 2020ರ ಮೇ 4ಕ್ಕೆ ಮುಗಿಯಿತು. ಯೋಧೆ ಅಸೋಕಾ, ಅವಳ ಜೊತೆಗಾರ ಸೇನಾಧಿಕಾರಿ ರೆಕ್ಸ್ ಮೇಲೆ ಅವರದೇ ಸೈನಿಕರು ಬಂದೂಕು ತಿರುಗಿಸುತ್ತಾರೆ. ಹಡಗು ಬೀಳುತ್ತದೆ. ಸತ್ತವರನ್ನು ಇವರೇ ಮಣ್ಣು ಮಾಡಿ, ಕೋಲುಗಳ ಮೇಲೆ ಅವರ ಹೆಲ್ಮೆಟ್ ಇಡುತ್ತಾರೆ. ಆಮೇಲೆ ಹಿಮದಲ್ಲಿ ವೇಡರ್ (ಅಸೋಕಾಳ ಹಳೆಯ ಗುರು, ಈಗ ಖಳನಾಯಕ) ಬರುತ್ತಾನೆ, ಅವಳ ಕತ್ತಿ ಎತ್ತಿಕೊಳ್ಳುತ್ತಾನೆ. ಒಂದು ಮಾತೂ ಇಲ್ಲ. ಅವನು ನಡೆದು ಹೋಗುವುದು ಸತ್ತ ಸೈನಿಕನ ಹೆಲ್ಮೆಟ್ಟಿನ ಗಾಜಿನಲ್ಲಿ ಕಾಣುತ್ತದೆ, ಅಷ್ಟೇ. ನನಗಂತೂ ಗಂಟಲು ಕಟ್ಟಿತ್ತು.

ಆ ದೃಶ್ಯದ ಸ್ಕ್ರೀನ್‌ಶಾಟನ್ನು ಡಿಪಿಗೆ ಹಾಕಬೇಡಿ, ಅದೂ ಗುಟ್ಟು ಬಿಟ್ಟುಕೊಟ್ಟ ಹಾಗೇ ಅಲ್ವಾ?