ಎಂಜಿನ್ ಆಫ್ ಮಾಡದವರಿಗೆ ಪೆಟ್ರೋಲ್ ಹಾಕುದು ಯಾಕೆ?

ಸಂಪಾದಕರೇ,

ಆದಿತ್ಯವಾರ ಸಂಜೆ ತಲಪಾಡಿ ಗಡಿಯ ಆಚೆ, ಕರ್ನಾಟಕ ಬದಿಯ ಬಂಕುಗಳ ಸಾಲು ನೋಡಿದ್ರೆ ಅದರಲ್ಲಿ ಸುಮಾರು ಗಾಡಿಗಳು ಕೆಎಲ್ 14, ಅಂದ್ರೆ ನಮ್ಮ ಕಾಸರಗೋಡಿನವು. ತಪ್ಪೇನಿಲ್ಲ, ಕೇರಳದಲ್ಲಿ ಮೊದಲೇ ರೇಟ್ ಜಾಸ್ತಿ, 2023ರ ಏಪ್ರಿಲಿನಿಂದ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಸೇರಿದೆ, ಮಂಜೇಶ್ವರ ಉಪ್ಪಳದವರು ಆಚೆ ಹೋಗಿ ಟ್ಯಾಂಕ್ ಫುಲ್ ಮಾಡಿಸಿಕೊಂಡು ಬರ್ತಾರೆ. ನಾನು ಹೇಳ್ಲಿಕ್ಕೆ ಹೊರಟದ್ದು ಆ ಸಾಲಿನಲ್ಲಿ, ಮತ್ತೆ ಈಚೆ ಬದಿಯ ಬಂಕುಗಳಲ್ಲೂ, ಆಫ್ ಆಗದ ಎಂಜಿನ್‌ಗಳ ಬಗ್ಗೆ. ಗ್ಲಾಸ್ ಏರಿಸಿ ಎಸಿ ಹಾಕಿ ಕೂತವರು ಎರಡು ಬೆರಳು ತೋರಿಸ್ತಾರೆ, ಹುಡುಗ ಎರಡು ಸಾವಿರಕ್ಕೆ ಸೆಟ್ ಮಾಡಿ ಗನ್ ತುರುಕ್ತಾನೆ, ಗಾಡಿ ಗುರ್ ಅಂತ ನಡುಗ್ತಾನೇ ಇರ್ತದೆ.

ಕೇಳಿದ್ರೆ "ಇಷ್ಟು ವರ್ಷದಲ್ಲಿ ಎಲ್ಲಿ ಬೆಂಕಿ ಹಿಡಿದದ್ದುಂಟು ಮಾರಾಯ್ರೆ" ಅಂತಾರೆ. ಹೌದು, ಹೆಚ್ಚಿನ ಸಲ ಏನೂ ಆಗುದಿಲ್ಲ, ಅದಕ್ಕೇ ಯಾರಿಗೂ ಹೆದರಿಕೆ ಇಲ್ಲ. ಆದ್ರೆ ಬೆಂಕಿಗೆ ಬೇಕಾದದ್ದೆಲ್ಲ ಅಲ್ಲೇ ತಯಾರಿರ್ತದೆ. ಹೊತ್ತಿಕೊಳ್ಳುದು ಪೆಟ್ರೋಲ್ ಅಲ್ಲ, ಅದರ ಆವಿ. ಮೈನಸ್ 40 ಡಿಗ್ರಿ ಚಳಿಯಲ್ಲೂ ಕಿಡಿ ತಾಗಿದ್ರೆ ಹತ್ತಿಕೊಳ್ಳುವಷ್ಟು ಆವಿ ಬಿಡುವ ಎಣ್ಣೆ ಅದು, ನಮ್ಮ ಏಪ್ರಿಲ್ ಸೆಕೆಯಲ್ಲಿ ಕೇಳ್ಬೇಕಾ. ಖಾಲಿ ಟ್ಯಾಂಕಿನಲ್ಲಿ ಇರುದು ಆವಿ ತುಂಬಿದ ಗಾಳಿ, ಒಂದು ಲೀಟರ್ ಪೆಟ್ರೋಲ್ ಒಳಗೆ ಹೋದ್ರೆ ಅಷ್ಟೇ ಜಾಗದ ಆ ಗಾಳಿ ಆವಿ ಸಮೇತ ಹೊರಗೆ ಬರ್ಲೇಬೇಕು. ಮಧ್ಯಾಹ್ನದ ಬಿಸಿಲಿಗೆ ಗನ್ನಿನ ಬಾಯಿ ಹತ್ತಿರ ಸರಿ ನೋಡಿ, ಕಾದ ಕಾವಲಿಯ ಮೇಲಿನ ಗಾಳಿಯ ಹಾಗೆ ಅಲ್ಲಿ ಎಂತದೋ ನಡುಗುದು ಕಾಣ್ತದೆ, ಅದೇ. ಅದು ಗಾಳಿಗಿಂತ ಭಾರ, ಮೇಲೆ ಹೋಗುದಿಲ್ಲ, ಕಾರಿನ ಬದಿಯಿಂದ ಇಳಿದು ಅಡಿಗೆ ಸೇರ್ತದೆ. ಅಡಿಯಲ್ಲಿ ಸೈಲೆನ್ಸರ್ ಪೈಪ್ ಕಾದಿರ್ತದೆ, ಎದುರು ರೇಡಿಯೇಟರ್ ಫ್ಯಾನ್ ತಿರುಗ್ತಾ ಇರ್ತದೆ, ಹಳೇ ಗಾಡಿಯಾದ್ರೆ ಸಿಪ್ಪೆ ಎದ್ದ ವಯರೂ ಇರಬಹುದು, ಇಲಿ ಕಡಿದದ್ದೂ ಇರಬಹುದು. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಆವಿ ಇದ್ರೆ ಸಾಕು, ಕಿಡಿ ಸಿಕ್ಕಿದಲ್ಲಿ ಬೆಂಕಿ.

ಸ್ವಲ್ಪ ತಿಳಿದವರು ಇನ್ನೊಂದು ಲಾ ಪಾಯಿಂಟ್ ಹಾಕ್ತಾರೆ, ಆಫ್ ಮಾಡಿದ ಕೂಡ್ಲೆ ಸೈಲೆನ್ಸರ್ ತಣಿಯುದಿಲ್ಲ ಅಲ್ವಾ, ಮತ್ತೆ ಸ್ಟಾರ್ಟ್ ಮಾಡುವಾಗ ಕಿಡಿ ಹಾರುದಿಲ್ವಾ ಅಂತ. ತಣಿಯುದಿಲ್ಲ, ನಿಜ. ಆದ್ರೆ ಕೀ ತಿರುಗಿಸಿ ಆಫ್ ಮಾಡಿದ್ರೆ ಕರೆಂಟಿನ ಕೆಲಸ ಹೆಚ್ಚಿನದ್ದು ನಿಲ್ತದೆ, ಕ್ಲಚ್ಚಿನಿಂದ ಕಾಲು ಜಾರಿ ಗಾಡಿ ಗನ್ ಸಮೇತ ಎದುರು ಹಾರುದು ತಪ್ತದೆ, ಪೈಪ್ ಕಿತ್ತು ಪೆಟ್ರೋಲ್ ನೆಲಕ್ಕೆ ಚೆಲ್ಲಿದ್ರೆ ಆವಿಯ ಲೆಕ್ಕವೇ ಬೇರೆ. ಸ್ಟಾರ್ಟ್ ಮಾಡುವ ಹೊತ್ತಿಗೆ ಗನ್ ಜಾಗಕ್ಕೆ ಹೋಗಿ ಮುಚ್ಚಳ ಬಿದ್ದಿರ್ತದೆ.

ಈಗ ಹೊಸ ಕಾರು, ಕೆಲವು ಸ್ಕೂಟರುಗಳಲ್ಲಿ ಮತ್ತೊಂದು ಉಂಟು, ಗಾಡಿ ನಿಂತ್ರೆ ಎಂಜಿನ್ ತನ್ನಷ್ಟಕ್ಕೇ ನಿಲ್ತದೆ. ಸದ್ದಿಲ್ಲ, ಹಾಗಾಗಿ ಆಫ್ ಆಯ್ತು ಅಂತ ಜನ ತಿಳ್ಕೊಳ್ತಾರೆ. ಕಾರಲ್ಲಿ ಎಸಿಗೆ ಬೇಕಾದ್ರೆ, ಬ್ಯಾಟರಿ ಇಳಿದ್ರೆ, ಗನ್ ಟ್ಯಾಂಕಿನಲ್ಲಿರುವಾಗಲೇ ಅದು ಹೇಳದೆ ಕೇಳದೆ ಪುನಃ ಸ್ಟಾರ್ಟ್ ಆಗಬಹುದು. ಅಂಥ ಗಾಡಿಯವರು ಕೀ ತಿರುಗಿಸಿಯೋ ಬಟನ್ ಒತ್ತಿಯೋ ಪೂರಾ ಆಫ್ ಮಾಡ್ಬೇಕು.

ಬಂಕಿನವರ ಶಿಸ್ತೆಲ್ಲ ಮೊಬೈಲ್ ಮೇಲೆ. ಫೋನ್ ಕಿವಿಗಿಟ್ರೆ "ಹಲೋ ಹಲೋ" ಅಂತ ಕೂಗಿ ಇಳಿಸ್ತಾರೆ, ಅದೇ ಹೊತ್ತಿಗೆ ಪಕ್ಕದಲ್ಲಿ ಡೀಸೆಲ್ ಬಸ್ಸು ಜನ ತುಂಬಿಸಿಕೊಂಡು ಎಂಜಿನ್ ಚಾಲೂ ಇಟ್ಟು ಹಾಕಿಸಿಕೊಳ್ತಾ ಇದ್ರೆ ಯಾರಿಗೂ ಬಾಯಿಲ್ಲ. ಅಮೆರಿಕದ ಪೆಟ್ರೋಲಿಯಂ ಎಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್‌ನವರು ಬಂಕ್ ಬೆಂಕಿಗಳ ವರದಿ ಒಟ್ಟು ಮಾಡಿ ನೋಡಿದಾಗ ಮೊಬೈಲಿಂದ ಹಿಡಿದದ್ದು ಒಂದೂ ಸಿಕ್ಕಿರಲಿಲ್ಲ, ಸುಮಾರು ಬೆಂಕಿ ಸ್ಟ್ಯಾಟಿಕ್ ಕರೆಂಟಿನಿಂದ, ಸೀಟಿಗೆ ಮೈ ಉಜ್ಜಿ ಇಳಿದು ಗನ್ ಮುಟ್ಟಿದಾಗ. ಫೋನ್ ಬೇಡ ಹೇಳುದು ಸರಿಯೇ, ಆದ್ರೆ ಎಂಜಿನ್ ಬಿಟ್ಟು ಫೋನ್ ಹಿಡ್ಕೊಳ್ಳುದು ಎಂತ ಲೆಕ್ಕ?

ಡೀಸೆಲ್ ಅಷ್ಟು ಬೇಗ ಹೊತ್ತಿಕೊಳ್ಳುದಿಲ್ಲ ಅಂತ ಬಸ್ಸು ಲಾರಿಯವರು ಹೇಳುದು ಸುಳ್ಳಲ್ಲ. ಆದ್ರೆ ನಮ್ಮ ಬಂಕುಗಳಲ್ಲಿ ಒಂದೇ ಮೆಷಿನಿನ ಈ ಬದಿ ಡೀಸೆಲ್ ಆ ಬದಿ ಪೆಟ್ರೋಲ್, ಬಸ್ಸಿನ ಬಿಸಿ ಪಕ್ಕದ ಸ್ಕೂಟಿಯಿಂದ ಏಳುವ ಆವಿಗೆ ತಾಗ್ಲಿಕ್ಕೆ ಎಷ್ಟು ದೂರ ಉಂಟು? ಇದೇ ಜನ ಸಿಎನ್‌ಜಿ ಆಟೋದಲ್ಲಿ ಹೋದ್ರೆ ಮಕ್ಕಳು ಅಜ್ಜಿಯಂದಿರು ಸಮೇತ ಇಳಿದು ದೂರ ನಿಲ್ತಾರೆ, ಯಾಕಂದ್ರೆ ಇಳಿಯದೆ ಅಲ್ಲಿ ಗ್ಯಾಸ್ ಬಿಡುದೇ ಇಲ್ಲ. ಸಿಎನ್‌ಜಿ ಸೋರಿದ್ರೆ ಗಾಳಿಗಿಂತ ಹಗುರ, ಮೇಲೆ ಹೋಗ್ತದೆ. ನೆಲದಲ್ಲೇ ಉಳಿಯುವ ಪೆಟ್ರೋಲಿಗೆ ಮಾತ್ರ ನಾವು ಕೂತಲ್ಲಿಂದ ಏಳುದಿಲ್ಲ. ಬೈಕಿನವರಂತೂ ಹೆಂಡತಿ ಮಗು ಕೂತ ಹಾಗೇ ತೊಡೆ ನಡುವಿನ ಟ್ಯಾಂಕಿಗೆ ಹಾಕಿಸ್ತಾರೆ, ಬಾಯಿವರೆಗೆ ತುಂಬಿಸಿ ಉಕ್ಕಿದ್ರೆ ಇಳಿಯುದು ಸೀದಾ ಕಾದ ಎಂಜಿನ್ ಮೇಲೆ.

ಹುಡುಗರನ್ನು ಬೈದು ಪ್ರಯೋಜನ ಇಲ್ಲ. ಆಫ್ ಮಾಡಿ ಅಂದದ್ದಕ್ಕೆ ಒಬ್ಬ ಹುಡುಗ ಕಾರಿನವರಿಂದ ಬೈಸಿಕೊಂಡದ್ದು, ಆಮೇಲೆ ಒಳಗಿನಿಂದ ಬಂದ ಮ್ಯಾನೇಜರ್ ಗಿರಾಕಿಗೇ ಸಾರಿ ಹೇಳಿದ್ದು ನಾನು ಕಂಡಿದ್ದೇನೆ, ಮತ್ತೆ ಅವ ಯಾಕೆ ಬಾಯಿ ತೆಗೀತಾನೆ. ಎಂಜಿನ್ ನಿಲ್ಲದೆ ಗನ್ ಎತ್ತಬೇಡ ಅಂತ ಮಾಲಕರೇ ಹೇಳ್ಬೇಕು, ಗಿರಾಕಿ ಸಿಟ್ಟು ಮಾಡಿದ್ರೆ ಹುಡುಗನ ಪರ ನಿಲ್ಲಬೇಕು. ಮತ್ತೆ ಈಚೆ ಬದಿಯ ಬಂಕುಗಳ ಎಚ್ಚರಿಕೆ ಬೋರ್ಡ್ ನಾನು ಕಂಡ ಮಟ್ಟಿಗೆ ಮಲಯಾಳ, ಇಂಗ್ಲಿಷಿನಲ್ಲೇ, ಅದೂ ಕಂಬದ ಮೇಲೆ ಯಾರೂ ತಲೆ ಎತ್ತದ ಜಾಗದಲ್ಲಿ. ಕನ್ನಡದಲ್ಲೂ ಒಂದು ಸಾಲು ಬರೆಸಿ, ಮೀಟರಿನ ಪಕ್ಕದಲ್ಲಿ, ಸೊನ್ನೆ ನೋಡ್ಲಿಕ್ಕೆ ಹೇಗೂ ಎಲ್ಲರೂ ಅಲ್ಲಿ ಕಣ್ಣು ಹಾಕ್ತಾರೆ.

ಇತಿ,
ಉಪ್ಪಳದ ಒಬ್ಬ ಓದುಗ